ಕೆಂಪು ಕೆನ್ನೆಯ ಗಂಡ, ಮೆಟಡೋರ್ ತುಂಬ ರಕ್ತ

"ಬೆಳಿಗ್ಗೆ ತಲೆ ಬೋಳಿಸೋಕೆ ಜನ ಬರ್ತಾರೆ, ರೆಡಿ ಇರಿ" ಎಂದು ನರ್ಸಮ್ಮ ಹೇಳಿ ಹೋದರು.

ನಮ್ಮೆಜಮಾನರ ತಲೆ ನೋಡಿದೆ. ಅಲ್ಲಿ ಬೋಳಿಸಲು ಉಳಿದಿದ್ದಾದರೂ ಏನು? ಅಂಥ ಹೊತ್ತಿನಲ್ಲೂ ನನಗೆ ನಗು ಬಂತು. ನಕ್ಕ ಮರುಕ್ಷಣವೇ ಅಳು. ಬೋಳಿಸುವುದು ತಲೆಬುರುಡೆ ತೆರೆಯುವುದಕ್ಕೆ ಕಣ್ರೀ!

ಇದೆಲ್ಲ ಶುರುವಾದದ್ದು ಹೀಗೆ. ನ್ಯಾಮತಿಯ ನಮ್ಮ ಬಟ್ಟೆ ಅಂಗಡಿಯಲ್ಲಿ ಇವರು ಗಿರಾಕಿಗೆ ಸೀರೆ ಬಿಡಿಸಿ ತೋರಿಸುತ್ತಿದ್ದರು. ಇದ್ದಕ್ಕಿದ್ದಂತೆ ಕಣ್ಣು ಕತ್ತಲೆ ಬಂದು ಸೀರೆಗಳ ಮೇಲೇ ಉರುಳಿದರು. (ದೊಡ್ಡ ಬಾರ್ಡರಿನದು ಐತಾ ಅಂತ ಕೇಳಿದ್ದೇ ತಪ್ಪಾಯಿತೇನೋ ಎಂದು ಆ ಹೆಂಗಸು ಗಾಬರಿಬಿದ್ದಳು, ಪಾಪ.) ತಲೆನೋವು ಅಂತೂ ಮೊದಲಿನಿಂದ ಇದ್ದೇ ಇತ್ತು. ಶಿವಮೊಗ್ಗದ ಡಾಕ್ಟರು, "ತಲೆಯ ಸ್ಕ್ಯಾನ್ ಆಗಬೇಕು, ಆ ಮಿಷನ್ನು ಇಲ್ಲಿಲ್ಲ, ಬೆಂಗಳೂರಿಗೆ ಹೋಗಿ" ಎಂದರು. ಹೋದೆವು. ಕಿರಿಯ ಡಾಕ್ಟರೊಬ್ಬರು ಫಿಲ್ಮನ್ನು ಬೆಳಕಿಗೆ ಹಿಡಿದು, "ಮಿದುಳಿನ ಸುತ್ತ ಬ್ಲೀಡಿಂಗ್ ಆದ ಹಾಗಿದೆ. ಆಪರೇಷನ್ ಬೇಕಾಗಬಹುದು, ರಕ್ತ ಕೊಡೋರನ್ನ ಕರೆಸಿ" ಎಂದರು.

ತವರೂರು ಗೋವಿನಕೋವಿಗೆ ಟ್ರಂಕ್ ಕಾಲ್ ಹಚ್ಚಿದೆ.

ನಿಮಗೆ ಒಂದು ಗುಟ್ಟು ಹೇಳಬೇಕು. ನನ್ನ ತಮ್ಮ ರುದ್ರೇಶ ಎರಡು ವರ್ಷದಿಂದ ಇವರನ್ನು ಮಾತಾಡಿಸುತ್ತಿರಲಿಲ್ಲ. ಕಾರಣ? ನಮ್ಮ ಮನೆಯ ಗೃಹಪ್ರವೇಶದ ಕಾರ್ಡಿನಲ್ಲಿ 'ಸುಖಾಗಮನ ಬಯಸುವವರು' ಅಂತ ಇರುತ್ತಲ್ಲ, ಅಲ್ಲಿ ಅವನ ಹೆಸರು ಬಿಟ್ಟುಹೋಗಿತ್ತು. ಪ್ರೆಸ್ಸಿನವರ ಕೈತಪ್ಪು. ನಂಬಿದನೇ? ನಮ್ಮ ಸೀಮೆಯಲ್ಲಿ ಹೊಲದ ಬದು ಒತ್ತಿದರೆ ಕ್ಷಮೆ ಉಂಟು, ಕಾರ್ಡಿನಲ್ಲಿ ಹೆಸರು ಬಿಟ್ಟರೆ ಇಲ್ಲ!

ಬೆಳಗಾಯಿತು. ಆಸ್ಪತ್ರೆಯ ಗೇಟಿನ ಮುಂದೆ ನಮ್ಮ ತವರೂರಿನ ಖಾದರ್ ಸಾಬರ ಮೆಟಡೋರ್ ವ್ಯಾನು ಬಂದು ನಿಂತಿತು. ಚನ್ನಗಿರಿಯಲ್ಲಿ ಟೀಗೂ ನಿಲ್ಲಿಸದೆ ಬಂದರಂತೆ. ಒಬ್ಬರ ಮೇಲೊಬ್ಬರು ಕೂತು ಬಂದ ಜನ ಇಳಿದರು, ಇಳಿದರು, ಇಳಿಯುತ್ತಲೇ ಇದ್ದರು. ಇವರೆಲ್ಲ ಯಾರು ಗೊತ್ತೇ? ಸಿಡುಬಿನ ಚುಚ್ಚುಮದ್ದಿನವರು ಬಂದರೆ ಅಟ್ಟ ಹತ್ತಿ ಕೂತಿದ್ದ ಜನ. ರಕ್ತ ಕೊಟ್ಟರೆ ಮೈಯ ಕಸುವು ಮತ್ತೆ ಹುಟ್ಟುವುದೇ ಇಲ್ಲ ಎಂದು ಇವತ್ತಿಗೂ ನಂಬಿದ ಜನ.

ಎಲ್ಲರಿಗಿಂತ ಮುಂದೆ ತೋಳು ಮಡಿಸಿಕೊಂಡು ರುದ್ರೇಶ. "ಎಲ್ಲೈತಕ್ಕ ಸೂಜಿ? ಮೊದ್ಲು ನಂದು ತಗಳ್ಳಾಕೆ ಹೇಳು. ರಕ್ತ ಗಟ್ಟಿ ಇರ್ಲಿ ಅಂತ ದಾರಿ ಉದ್ದಕ್ಕೂ ಬೆಲ್ಲ ತಿನ್ಕೊಂಡು ಬಂದೀನಿ."

ನಾನು ಅವನ ಕೈ ಹಿಡಿದುಕೊಂಡು ಗೊಳೋ ಎಂದು ಅತ್ತೆ.

ಅಷ್ಟರಲ್ಲಿ ದೊಡ್ಡ ಡಾಕ್ಟರು ಬಂದರು. ಫಿಲ್ಮ್ ನೋಡಿದರು. ಇವರ ಮುಖ ನೋಡಿದರು. ಅಂಗೈ ತಿರುಗಿಸಿ ನೋಡಿದರು. ಮತ್ತೆ ಫಿಲ್ಮ್.

"ಬಿಸಿನೀರು ಸ್ನಾನ ಮಾಡಿದ ಮೇಲೆ ಮೈ ತುರಿಸುತ್ತಾ?"

ನಾನು ದಂಗಾದೆ. ನಮ್ಮ ಬಚ್ಚಲುಮನೆಯ ಸುದ್ದಿ ಬೆಂಗಳೂರಿಗೆ ಹೆಂಗೆ ಮುಟ್ಟಿತು? ಒಂದು ವರ್ಷದಿಂದ ಇವರು ಸ್ನಾನ ಮಾಡಿ ಬಂದು ಕಂಬಕ್ಕೆ ಬೆನ್ನು ಉಜ್ಜುತ್ತಿದ್ದರು. ನಾನು ತಂದ ಸೋಪಿನದೇ ತಪ್ಪು ಎಂದು ನಮ್ಮತ್ತೆ ಮನೆಗೆ ಬಂದವರಿಗೆಲ್ಲ ಹೇಳಿದ್ದರು. "ಹೌದ್ರೀ, ತುರಿಸ್ತೈತೆ" ಎಂದೆ.

"ಮುಖ ಯಾವಾಗಿಂದ ಇಷ್ಟು ಕೆಂಪು?"

ಅಯ್ಯೋ, ಆ ಕೆಂಪು! ನಮ್ಮ ಬೀದಿಗೆಲ್ಲ ಅದೇ ಮಾತು. "ಏನ್ ತಿನ್ನಿಸ್ತೀರಿ ಅಕ್ಕಾರೆ? ಯಜಮಾನ್ರ ಕೆನ್ನೆ ಚಿವುಟಿದ್ರೆ ರಕ್ತ ಚಿಮ್ಮಂಗೈತೆ!" ಎನ್ನುತ್ತಿದ್ದರು. ನಾನು ನನ್ನ ರೊಟ್ಟಿಯ, ಸೊಪ್ಪಿನ ಪಲ್ಯದ ಗುಣಗಾನ ಮಾಡುತ್ತಿದ್ದೆ. ಬೀಗಿದ್ದೆ ಕಣ್ರೀ.

ರಕ್ತ ಪರೀಕ್ಷೆ ಆಯಿತು. ಬೆನ್ನಿಗೆ ಸೂಜಿ ಹಾಕಿ ನೀರು ತೆಗೆದು ನೋಡಿದರು; ಮಿದುಳಿನ ಸುತ್ತಲಿನ ನೀರೇ ಬೆನ್ನಿಗೂ ಇಳಿದಿರುತ್ತದಂತೆ. ತಿಳಿನೀರು, ಒಂದು ಹನಿ ರಕ್ತವಿಲ್ಲ! ದೊಡ್ಡ ಡಾಕ್ಟರು ನನ್ನನ್ನು, ರುದ್ರೇಶನನ್ನು ಕೂರಿಸಿ ಬಿಡಿಸಿ ಹೇಳಿದರು. ನಾಳ ಒಡೆದು ಚೆಲ್ಲಿದ ರಕ್ತ ಈ ಫಿಲ್ಮಿನಲ್ಲಿ ಬೆಳ್ಳಗೆ ಕಾಣುತ್ತದಂತೆ. ರಕ್ತ ವಿಪರೀತ ಮಂದವಾಗಿದ್ದರೆ, ನಾಳದೊಳಗೇ ಇದ್ದರೂ ಹಾಗೇ ಬೆಳ್ಳಗೆ ಕಾಣುತ್ತದಂತೆ. ಇವರ ನಾಳಗಳೆಲ್ಲ ಒಂದೇ ಸಮ ಬೆಳ್ಳಗಿವೆ. ಅಂದರೆ ಎಲ್ಲೂ ಚೆಲ್ಲಿಲ್ಲ. ಮೈಯಲ್ಲಿ ಕೆಂಪು ಕಣ ಅತಿಯಾಗಿ ಹುಟ್ಟುವ ಕಾಯಿಲೆ ಇದು. ರಕ್ತ ಜೋನಿಬೆಲ್ಲದ ಹಾಗಾಗಿ ಹರಿಯಲಾರದೆ ತಲೆ ಸುತ್ತಿಸಿದೆ. ಹಾಗೇ ಬಿಟ್ಟಿದ್ದರೆ ಎಲ್ಲಾದರೂ ಹೆಪ್ಪುಗಟ್ಟಿ ಜೀವಕ್ಕೇ ಸಂಚಕಾರ.

"ಹಂಗಾದ್ರೆ ತಲೆ ಕೊಯ್ಯಲ್ವಾ?" ಎಂದೆ.

"ಕೊಯ್ಯಲ್ಲಮ್ಮ. ಆಗಾಗ ಒಂದೊಂದು ಬಾಟಲಿ ರಕ್ತ ತೆಗೆದು ಚೆಲ್ಲಿದರೆ ಸಾಕು."

ನಾನು ಕುಣಿಯುವುದೊಂದು ಬಾಕಿ. ವೆರಾಂಡಕ್ಕೆ ಓಡಿ ಸುದ್ದಿ ಹೇಳಿದೆ. ಗೋವಿನಕೋವಿಗೆ ಗೋವಿನಕೋವಿಯೇ ನನ್ನ ಸುತ್ತ ಮುತ್ತಿಕೊಂಡಿತು. ಮೊದಲು ಕೇಳಿದವರು ಖಾದರ್ ಸಾಬರು. "ಚೆಲ್ತಾರಾ? ನಾವಿಷ್ಟು ಜನ ಕೊಡಾಕೆ ಬಂದ್ರೆ, ಅವ್ರದ್ದೇ ತೆಗ್ದು ಚೆಲ್ತಾರಾ? ಇದ್ಯಾವ ನ್ಯಾಯ ತಂಗೀ?"

ರುದ್ರೇಶ ಮಾತ್ರ ಮಡಿಸಿದ ತೋಳನ್ನು ಇಳಿಸಲೇ ಇಲ್ಲ. ಸೀದಾ ವಾರ್ಡಿಗೆ ನುಗ್ಗಿ ಮಂಚದ ಮುಂದೆ ನಿಂತ. ಎರಡು ವರ್ಷಕ್ಕೆ ಮೊದಲ ಮಾತು.

"ಏನ್ ಭಾವ, ಅಷ್ಟು ದೂರದಿಂದ ಬಂದ್ರೆ ಇಲ್ಲೂ ನನ್ನ ಹೆಸ್ರು ಬಿಟ್ಟೇಬಿಟ್ರಲ್ಲ!"

ಇವರು ತಲೆ ಹಿಡಿದುಕೊಂಡು ನಕ್ಕರು. "ನಗಿಸಬ್ಯಾಡ ಕಣೋ, ತಲೆ ಸಿಡೀತೈತೆ. ಬಂದೆಯಲ್ಲೋ ರುದ್ರೇಶ, ಬಂದೆಯಲ್ಲ" ಎನ್ನುತ್ತ ಅವನ ಕೈ ಹಿಡಿದರು. ಇಬ್ಬರ ಕಣ್ಣೂ ಒದ್ದೆ. ನಾನು ಕಿಟಕಿ ಕಡೆ ತಿರುಗಿ ನಿಂತೆ. ಹಾಳಾದ್ದು, ನನಗೆ ಅಳುವುದೋ ನಗುವುದೋ ತಿಳಿಯಲಿಲ್ಲ.

ಒಂದು ಬಾಟಲಿ ತೆಗೆದರು. ಒಂದೆರಡು ದಿನದಲ್ಲೇ ಇವರು, "ತಲೆ ಮೇಲಿನ ಮೂಟೆ ಇಳಿಸಿದಂಗಾತು" ಎಂದರು. ಈಗ ರಕ್ತ ತೆಗೆಸಲು ಶಿವಮೊಗ್ಗಕ್ಕೆ ಹೋಗಬೇಕು. ಕರೆದೊಯ್ಯುವುದು ರುದ್ರೇಶನ ಮೋಟರ್‌ಬೈಕು. ಸವಳಂಗದಲ್ಲಿ ನಿಲ್ಲಿಸಿ ಭಾವ-ಬಾಮೈದ ಮಿರ್ಚಿಬಜ್ಜಿ ತಿನ್ನುತ್ತಾರೆಂದು ನನಗೆ ಸುದ್ದಿ ಬಂದಿದೆ. (ತಿನ್ನಲಿ ಬಿಡಿ.)

ಬೀದಿಯವರ ವರಸೆ ಮಾತ್ರ ಬದಲಾಗಿದೆ. ನಮ್ಮತ್ತೆಯಂತೂ ದಿನಾ ಬೀಟ್‌ರೂಟ್ ಹಿಡಿದುಕೊಂಡು ನನ್ನ ಹಿಂದೆ ಸುತ್ತುತ್ತಾರೆ. ಮೊನ್ನೆ ಪಕ್ಕದ ಮನೆಯಾಕೆ ಒಂದು ಬುಟ್ಟಿ ದಾಳಿಂಬೆ ತಂದಿಟ್ಟು ಲೊಚಗುಟ್ಟಿದಳು. "ಏನ್ರೀ ಅಕ್ಕಾರೆ, ಹಿಂಗ್ ಬಿಳಿಚ್ಕೊಂಡಾರೆ! ಏನೂ ತಿನ್ನಿಸ್ತಿಲ್ವಾ?"

ನಾನು ಅವಳ ಬಾಯಿಗೆ ಸಕ್ಕರೆ ಹಾಕಿ ಕಳಿಸಿದೆ. ಗಂಡ ಬಿಳಿಚಿಕೊಂಡ ಅಂದಿದ್ದಕ್ಕೆ ಸಿಹಿ ಹಂಚುವ ಹೆಂಡತಿಯನ್ನು ನೀವು ಎಲ್ಲಾದರೂ ಕಂಡಿದ್ದೀರಾ?