ಹತ್ತು ಗಂಟೆಯ ಬಾಗಿಲು

ನಮ್ಮ ದೊಡ್ಡಮ್ಮನ ಮನೆಗೆ ಯಾರೇ ಹೋಗಲಿ, ಚಪ್ಪಲಿ ಬಿಡುವ ಮೊದಲೇ ಕೈಗೊಂದು ಲೋಟ ನೀರು ಬರುತ್ತದೆ. ಬಾಯಾರಿಕೆ ಇಲ್ಲ ಅಂದರೆ ಕೇಳುವವಳಲ್ಲ. ಲೋಟ ಖಾಲಿಯಾಗುವ ತನಕ ಎದುರಿಗೇ ನಿಂತಿರುತ್ತಾಳೆ. ಸಿಲಿಂಡರ್ ಹೊತ್ತು ತಂದವನು ಒಮ್ಮೆ, “ಅಮ್ಮಾ, ಇದು ಮೂರನೇ ಲೋಟ, ಇನ್ನು ಆಗಲ್ಲ” ಎಂದು ಕೈ ಮುಗಿದುಬಿಟ್ಟಿದ್ದ. ಇದನ್ನು ಹೇಳಿಕೊಂಡು ಬೀದಿಯವರೆಲ್ಲ ನಗುತ್ತಾರೆ. ನನಗೆ ನಗು ಬರುವುದಿಲ್ಲ. ಇದೇ ಹೆಂಗಸು ಹನ್ನೊಂದು ಜನರಿಗೆ ನೀರು ಕುಡಿಯಲು ಬಿಡದೆ ವರ್ಷಗಟ್ಟಲೆ ಕೆಲಸ ಮಾಡಿಸಿದವಳು. ಆ ಹನ್ನೊಂದರಲ್ಲಿ ಒಬ್ಬಳು ಅವಳ ಒಡಹುಟ್ಟಿದ ತಂಗಿ, ನನ್ನ ಅಮ್ಮ.

ದೊಡ್ಡಮ್ಮ ತೇವ ಹೀರುವ ಚೀಲಗಳನ್ನು ಮಾಡುವ ಕಾರ್ಖಾನೆಯೊಂದರಲ್ಲಿ ಮೇಸ್ತ್ರಿಯಾಗಿದ್ದಳು. ಹಡಗಿನಲ್ಲಿ ಹೋಗುವ ಕಬ್ಬಿಣದ ದೊಡ್ಡ ಪೆಟ್ಟಿಗೆಗಳಲ್ಲಿ, ಗೋದಾಮುಗಳಲ್ಲಿ, ಬಟ್ಟೆ ಬೀರುಗಳಲ್ಲಿ ನೇತುಹಾಕುತ್ತಾರಲ್ಲ, ಆ ಚೀಲಗಳು. ಒಳಗಿರುವುದು ಕ್ಯಾಲ್ಸಿಯಂ ಕ್ಲೋರೈಡ್ ಎಂಬ ಉಪ್ಪು, ನೋಡಲು ಥೇಟ್ ಸಾಬಕ್ಕಿ. ಹೊಸ ಶೂ ಡಬ್ಬಿಯಲ್ಲಿ ಸಿಗುವ ಪೊಟ್ಟಣದ ಹರಳುಗಳು ಎಷ್ಟು ತೇವ ಹೀರಿದರೂ ಹರಳಾಗಿಯೇ ಉಳಿಯುತ್ತವೆ. ಇದು ಹಾಗಲ್ಲ. ಗಾಳಿಯಲ್ಲಿರುವ ನೀರನ್ನು ಎಳೆದುಕೊಂಡು ಎಳೆದುಕೊಂಡು, ಕೊನೆಗೆ ಆ ನೀರಿನಲ್ಲಿ ತಾನೇ ಕರಗಿಹೋಗುತ್ತದೆ. ತಟ್ಟೆಯಲ್ಲಿ ಹಾಕಿಟ್ಟರೆ ಸಂಜೆಯೊಳಗೆ ಮೈ ಬೆವರಿರುತ್ತದೆ, ಎರಡು ಮೂರು ದಿನ ಬಿಟ್ಟು ನೋಡಿದರೆ ಬರೀ ನೀರು. ಆ ನೀರು ಸುಲಭಕ್ಕೆ ಒಣಗುವುದೂ ಇಲ್ಲ. ಅದು ಸೋರದಿರಲೆಂದು ಉಪ್ಪಿನ ಜೊತೆ ಪಿಷ್ಟದ ಪುಡಿ ಬೆರೆಸುತ್ತಿದ್ದರು. ಹೀರಿದ್ದೆಲ್ಲ ಗಂಜಿಯಂತೆ ಗಟ್ಟಿಯಾಗಿ ಚೀಲದೊಳಗೇ ಕೂರುತ್ತಿತ್ತು. ಧೂಳೇಳದಿರಲೆಂದು ಮಣ್ಣುರಸ್ತೆಗೂ ಇದನ್ನು ಚೆಲ್ಲುತ್ತಾರೆ, ಹಿಮ ಬೀಳುವ ಕಡೆ ಮಂಜುಗಡ್ಡೆ ಕರಗಿಸಲೂ ಬಳಸುತ್ತಾರೆ. ಆಗ ನಾವೆಲ್ಲ ಒಂದೇ ಮನೆಯಲ್ಲಿದ್ದೆವು. ದೊಡ್ಡಮ್ಮ, ಅಮ್ಮ ಕೆಲಸದಿಂದ ಬಂದು ಚಪ್ಪಲಿ ಬಿಡುವ ಮೂಲೆ ಎಷ್ಟು ಒರೆಸಿದರೂ ಒದ್ದೆಯಾಗಿಯೇ ಇರುತ್ತಿತ್ತು.

ಹೊಸದಾಗಿ ಕೆಲಸಕ್ಕೆ ಬಂದವರಿಗೆ ದೊಡ್ಡಮ್ಮ ಒಂದು ಪಾಠ ಮಾಡುತ್ತಿದ್ದಳು. ಸ್ಟೀಲ್ ಲೋಟಕ್ಕೆ ಒಂದು ಹಿಡಿ ಉಪ್ಪು ಹಾಕಿ, ಮೇಲೆ ಸ್ವಲ್ಪ ನೀರು ಹೊಯ್ದು, “ಹಿಡ್ಕೋ” ಎಂದು ಕೈಗೆ ಕೊಡುವಳು. ನೀರು ಬಿದ್ದರೆ ಈ ಉಪ್ಪು ಕಾಯುತ್ತದೆ. ಪಾಪ, ಅವರು ಕಿರುಚಿ ಲೋಟ ಬಿಟ್ಟುಬಿಡುತ್ತಿದ್ದರು. “ಒದ್ದೆ ಕೈಯಲ್ಲಿ ಮುಟ್ಟಿದ್ರೆ ಇದೇ ಗತಿ. ನೀರಿಗೂ ನಮಗೂ ಆಗಿಬರಲ್ಲ, ತಿಳೀತಾ?” ಅನ್ನುವಳು. ಆ ಮಾತಿಗೆ ಎಲ್ಲರೂ ನಗುತ್ತಿದ್ದರಂತೆ.

ಚೀಲ ತುಂಬುವ ಕೋಣೆಯನ್ನು ಒಣಕೋಣೆ ಅನ್ನುತ್ತಿದ್ದರು. ಕಿಟಕಿ ಇಲ್ಲ, ಇರುವುದೊಂದೇ ಬಾಗಿಲು. ಗಾಳಿ ಒಣಗಿಸುವ ಯಂತ್ರ ದಿನವಿಡೀ ಗುಂಯ್ ಅನ್ನುತ್ತಿರುತ್ತದೆ. ಗೋಡೆಗೆ ಒಂದು ಕಾರ್ಡು ತೂಗುಹಾಕಿದ್ದರು, ಅದರಲ್ಲಿ ಮೂರು ಚುಕ್ಕೆ. ಗಾಳಿ ಒಣಗಿದ್ದರೆ ಚುಕ್ಕೆ ನೀಲಿ, ತೇವವಾದರೆ ಗುಲಾಬಿ. ಕೆಳಗಿನ ಚುಕ್ಕೆ ಆಗಾಗ ಗುಲಾಬಿಯಾಗುವುದು ಇದ್ದದ್ದೇ. ನಡುವಿನದು ಬಣ್ಣ ಬಿಟ್ಟರೆ ಮಾತ್ರ ಉಪ್ಪು ಗಂಟು ಕಟ್ಟಿತೆಂದೇ ಅರ್ಥ, ಆ ದಿನದ ಮಾಲೆಲ್ಲ ದಂಡ. ಹಾಗಾಗಿ ಕೋಣೆಯೊಳಗೆ ನೀರು ತರುವಂತಿಲ್ಲ. ಮೊದಲೆಲ್ಲ ಎಂಟಕ್ಕೆ ಒಳಹೋದವರಿಗೆ ಹತ್ತು ಗಂಟೆಗೆ ಹತ್ತು ನಿಮಿಷ ಬಾಗಿಲು ತೆಗೆಯುತ್ತಿದ್ದರು, ಆಮೇಲೆ ಒಂದು ಗಂಟೆಗೆ ಊಟಕ್ಕೆ. ಒಂದು ಮಳೆಗಾಲದಲ್ಲಿ ಮಾಲು ಕೆಟ್ಟು, ಬೈಗುಳವೆಲ್ಲ ದೊಡ್ಡಮ್ಮನ ತಲೆಗೆ ಬಂತು. ಅವಳು ಸೀದಾ ಯಜಮಾನರ ಮುಂದೆ ನಿಂತು, “ಹತ್ತು ಗಂಟೆ ಬಾಗಿಲು ನಿಲ್ಲಿಸಿಬಿಡ್ತೀನಿ ಸಾರ್” ಎಂದಳು. ಯಾರೂ ಕೇಳಿರಲಿಲ್ಲ, ತಾನೇ ಹೋಗಿ ಹೇಳಿದ್ದು. ಅದೇ ವಾರ, ಸಂದಿನಿಂದ ತೇವ ನುಗ್ಗದಿರಲೆಂದು ಬಾಗಿಲಿನ ಅಂಚಿಗೆ ಹೊಸ ರಬ್ಬರನ್ನೂ ಹಾಕಿಸಿದರು. ಅಲ್ಲಿಂದ ಮುಂದೆ ಮಾಲು ಒಮ್ಮೆಯೂ ಕೆಡಲಿಲ್ಲ. ಹೊಗಳಿಕೆ ದೊಡ್ಡಮ್ಮನಿಗೆ ಸಂದಿತು, ರಬ್ಬರಿನ ಮಾತು ಯಾರೂ ಎತ್ತಲಿಲ್ಲ.

ಎಂಟರಿಂದ ಒಂದರವರೆಗೆ ಐದು ಗಂಟೆ. ಉಪ್ಪಿನ ಧೂಳಿಗೆ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತಂತೆ. ನಡುವೆ ಬಾತ್ರೂಮಿಗೂ ಹೋಗುವಂತಿಲ್ಲವಲ್ಲ, ಹೆಂಗಸರು ಬೆಳಗ್ಗೆ ಮನೆಯಲ್ಲೂ ನೀರು ಕುಡಿಯುವುದನ್ನು ಬಿಟ್ಟರು.

ಅಪ್ಪ ತೀರಿಕೊಂಡ ಮೇಲೆ ಅಮ್ಮನನ್ನು ಆ ಕೆಲಸಕ್ಕೆ ಸೇರಿಸಿದ್ದು ದೊಡ್ಡಮ್ಮನೇ. ನಮ್ಮನ್ನು ಮನೆಗೆ ಕರೆದುಕೊಂಡಳು, ನನ್ನನ್ನು ಓದಿಸಿದಳು. ಅದನ್ನು ನಾನು ಮರೆತಿಲ್ಲ, ಮರೆಯಲು ಅವಳು ಬಿಡುವುದೂ ಇಲ್ಲ. ನಾಲ್ಕನೇ ವರ್ಷಕ್ಕೆ ಅಮ್ಮನಿಗೆ ಸೊಂಟದ ಹಿಂದೆ ನೋವು ಶುರುವಾಯಿತು. ಉರಿಮೂತ್ರ, ಆಮೇಲೆ ಕಲ್ಲು. ಡಾಕ್ಟರು ದಿನಕ್ಕೆ ಮೂರು ಲೀಟರ್ ನೀರು ಕುಡಿಯಲೇಬೇಕೆಂದರು. ಹೀಗೇ ಬಿಟ್ಟರೆ ಕಿಡ್ನಿ ಹೋಗುತ್ತದೆ ಎಂದು ಬಿಡಿಸಿ ಹೇಳಿದರು. ಆ ಸಂಜೆ ಅಮ್ಮ ಕೇಳಿದ್ದನ್ನು ನಾನು ಪಕ್ಕದಲ್ಲೇ ಕೂತು ಕೇಳಿಸಿಕೊಂಡೆ.

“ಅಕ್ಕಾ, ಹತ್ತು ಗಂಟೆಗೆ ಒಂದ್ಸಲ ಬಾಗಿಲು ತೆಗಿ. ಒಂದು ಲೋಟ ಕುಡಿದು ಬಂದ್ಬಿಡ್ತೀನಿ.”

“ನಿನಗೆ ಅಂತ ತೆಗೆದ್ರೆ ತಂಗಿಗೊಂದು ನ್ಯಾಯ, ನಮಗೊಂದು ನ್ಯಾಯ ಅಂತಾರೆ ಉಳಿದೋರು.”

“ಎಲ್ಲರಿಗೂ ತೆಗಿ. ಹಿಂದೆ ತೆಗೀತಿರ್ಲಿಲ್ವಾ?”

“ಹಿಂದೆ ಮಾಲು ಕೆಡ್ತಿತ್ತು. ನಡುವಿನ ಚುಕ್ಕೆ ಗುಲಾಬಿ ಆದ್ರೆ ಯಾರು ಜವಾಬ್ದಾರಿ? ಸ್ವಲ್ಪ ದಿನ ತಡ್ಕೋ, ನಿನ್ನನ್ನ ಹೊರಗೆ ಲೇಬಲ್ ಅಂಟಿಸೋ ಕಡೆ ಹಾಕಿಸ್ತೀನಿ.”

ಅಮ್ಮ ತಡೆದುಕೊಂಡಳು. ಅಕ್ಕನಿಗೆ ಎದುರು ಮಾತಾಡಿ ಅವಳಿಗೆ ಅಭ್ಯಾಸವಿರಲಿಲ್ಲ. ಲೇಬಲ್ ಕಡೆ ಜಾಗ ಖಾಲಿಯಾಗಲು ಒಂದೂವರೆ ವರ್ಷ ಹಿಡಿಯಿತು. ಅಷ್ಟರಲ್ಲಿ ಅಮ್ಮನ ಮುಖ ಊದಿತ್ತು, ಪಾದದ ಮೇಲೆ ಬೆರಳೊತ್ತಿದರೆ ಕುಳಿ ಹಾಗೇ ಉಳಿಯುತ್ತಿತ್ತು. ಎರಡೂ ಕಿಡ್ನಿ ಕೈಕೊಟ್ಟಿವೆ ಎಂದರು. ಒಣಕೋಣೆಯಿಂದಲೇ ಹೀಗಾಯಿತಾ ಎಂದು ನಾನು ಡಾಕ್ಟರನ್ನು ಕೇಳಿದೆ. ಬಿಪಿಯೂ ಇತ್ತು, ಇಂಥದ್ದೇ ಕಾರಣ ಎನ್ನಲಾಗದು ಎಂದರು. ದೊಡ್ಡಮ್ಮ ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡಳು. ನಾನು ಹಿಡಿದುಕೊಳ್ಳಲಿಲ್ಲ.

ವಾರಕ್ಕೆರಡು ಸಲ ಡಯಾಲಿಸಿಸ್. ಈಗ ನೀರು ಹೆಚ್ಚು ಕುಡಿಯಬಾರದಂತೆ. ದಿನಕ್ಕೆ ಮುಕ್ಕಾಲು ಲೀಟರ್, ಅದರಲ್ಲೇ ಟೀಯೂ ಬಂತು, ಸಾರೂ ಬಂತು. ಮನೆಯಲ್ಲಿ ಅಳೆದು ಕೊಡುವವರು ಯಾರು? ಮತ್ತೆ ದೊಡ್ಡಮ್ಮನೇ. ಬೆಳಗ್ಗೆ ಒಂದು ಬಾಟಲಿಗೆ ತುಂಬಿ ಗೆರೆ ಹಾಕಿಟ್ಟು ಕೆಲಸಕ್ಕೆ ಹೋಗುವಳು, ಸಂಜೆ ಬಂದು ಗೆರೆ ನೋಡುವಳು. ಅಮ್ಮ ತನ್ನ ಊದಿದ ಕಾಲು ತೋರಿಸಿ, “ನಾನೇ ನಿನ್ನ ಉಪ್ಪಾಗ್ಬಿಟ್ಟೆ ನೋಡಕ್ಕಾ. ಕುಡಿದಿದ್ದೆಲ್ಲ ಹಿಡ್ಕೊಂಡು ಕೂತಿದೀನಿ. ಎಲ್ಲಾದ್ರೂ ನೇತುಹಾಕು, ಮನೆ ತೇವ ಆದ್ರೂ ಹೋಗ್ಲಿ” ಎಂದು ನಕ್ಕಳು. ದೊಡ್ಡಮ್ಮ ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಒಂದು ಭಾನುವಾರ ಮಧ್ಯಾಹ್ನ, ಸೆಕೆ ಬಹಳವಿತ್ತು. ಬಾಟಲಿ ಆಗಲೇ ಖಾಲಿಯಾಗಿತ್ತು. “ಅಕ್ಕಾ, ಒಂದೇ ಒಂದು ಲೋಟ. ತುಂಬ ಕೊಡು, ಗುಟುಕು ಗುಟುಕಾಗಿ ಬೇಡ” ಎಂದಳು ಅಮ್ಮ.

“ನಾಳೆ ಬೆಳಗ್ಗೆ ಆಸ್ಪತ್ರೆಗೆ ಹೋಗ್ತೀವಲ್ಲ, ಅದು ಮುಗೀಲಿ. ಕೊಡ್ತೀನಿ.”

ಅಮ್ಮ ಗೋಡೆಯ ಕಡೆ ಹೊರಳಿಕೊಂಡಳು. “ನೀನು ಬಾಗಿಲು ತೆಗೆಯೋಳಲ್ಲ ಬಿಡು” ಎಂದಳು. ಸಿಟ್ಟಿನಿಂದ ಹೇಳಿದ್ದಲ್ಲ. ಬೇಸತ್ತು ಹೇಳಿದ್ದು.

ಈ ಸಲ ದೊಡ್ಡಮ್ಮ ಮಾಡಿದ್ದು ಸರಿಯೇ. ಕೊಟ್ಟಿದ್ದರೆ ಆ ನೀರು ಎದೆಗೆ ಸೇರುತ್ತಿತ್ತು. ಗೊತ್ತಿದ್ದರೂ ನನಗೆ ಹೊಟ್ಟೆ ಉರಿಯಿತು. ಮರುದಿನ ಬೆಳಗ್ಗೆ ಆಸ್ಪತ್ರೆಯ ಮೆಟ್ಟಿಲು ಹತ್ತುವಾಗ ಅಮ್ಮ ಕುಸಿದಳು, ಮತ್ತೆ ಏಳಲಿಲ್ಲ. ಅವಳ ತುಟಿ ಒಣಗಿ ಬಿರುಕು ಬಿಟ್ಟಿತ್ತು.

ಇಪ್ಪತ್ತು ದಿನದ ಮೇಲೆ ದೊಡ್ಡಮ್ಮ ಕೆಲಸಕ್ಕೆ ಹೋದಳು. ಆ ಸಂಜೆ ಬಂದವಳು ಚಪ್ಪಲಿಯನ್ನೂ ಬಿಡದೆ ಸೀದಾ ಒಳಗೆ ಬಂದು, ಅಮ್ಮ ಮಲಗುತ್ತಿದ್ದ ಮಂಚದ ಅಂಚಿನಲ್ಲಿ ಕೂತಳು. ಏಪ್ರನ್ ಕೂಡ ಮೈಮೇಲೇ ಇತ್ತು.

“ಇವತ್ತು ಹತ್ತು ಗಂಟೆಗೆ ಬಾಗಿಲು ತೆಗೆದೆ” ಎಂದಳು.

ನಾನು ಮಡಚುತ್ತಿದ್ದ ಬಟ್ಟೆಯನ್ನು ಕೆಳಗಿಟ್ಟೆ.

“ಎಲ್ಲರನ್ನೂ ಹೊರಗೆ ಕಳಿಸಿದೆ. ಹೋಗಿ, ಹೊಟ್ಟೆ ತುಂಬ ನೀರು ಕುಡಿದು ಬನ್ನಿ ಅಂದೆ. ಹತ್ತು ನಿಮಿಷ ಅಲ್ಲ, ಕಾಲು ಗಂಟೆ ಬಾಗಿಲು ತೆಗೆದೇ ಇಟ್ಟೆ. ಮಾಲು ಕೆಟ್ರೆ ಕೆಡ್ಲಿ, ಕೆಲಸದಿಂದ ತೆಗೆದ್ರೆ ತೆಗೀಲಿ ಅಂತ ಕಾರ್ಡಿನ ಮುಂದೆ ನಿಂತ್ಕೊಂಡೆ. ಊಟಕ್ಕೂ ಹೋಗ್ಲಿಲ್ಲ. ಐದು ಗಂಟೆ ತನಕ ಅದನ್ನೇ ನೋಡ್ತಾ ನಿಂತಿದ್ದೆ.”

“ಏನಾಯ್ತು?”

“ನಡುವಿನ ಚುಕ್ಕೆ ನೀಲಿಯಾಗೇ ಇತ್ತು ಕಣೇ. ಉಪ್ಪು ಒಂದು ಗಂಟೂ ಕಟ್ಟಲಿಲ್ಲ. ಏನೂ ಆಗ್ಲಿಲ್ಲ. ಏನೇನೂ ಆಗ್ಲಿಲ್ಲ.”

ಅಮ್ಮ ಸತ್ತ ದಿನವೂ ಅಳದಿದ್ದವಳು ಆಗ ಬಾಯಿ ಬಿಟ್ಟು ಅತ್ತಳು. ಕೆನ್ನೆಗೆ ಮೆತ್ತಿದ್ದ ಉಪ್ಪಿನ ಧೂಳಿನ ಮೇಲೆ ಕಣ್ಣೀರು ಇಳಿದು ಚರ್ಮ ಕೆಂಪಾಯಿತು. ಉರಿಯುತ್ತಿದ್ದಿರಬೇಕು, ಒರೆಸಿಕೊಳ್ಳಲಿಲ್ಲ. ಅತ್ತೂ ಅತ್ತೂ ಗಂಟಲು ಕಟ್ಟಿದ ಮೇಲೆ, “ಒಂದು ಲೋಟ ನೀರು ಕೊಡೇ” ಎಂದಳು. ಬೆಳಗ್ಗೆಯಿಂದ ಅವಳು ಒಂದು ಹನಿಯನ್ನೂ ಕುಡಿದಿರಲಿಲ್ಲ.

ಕೊಡದೆ ಇರಲಿಲ್ಲ, ಕೊಟ್ಟೆ. ಆದರೆ ಏಳಲು ಬಹಳ ಹೊತ್ತು ಮಾಡಿದೆ.