ಜಿಂಜಾದ ಬಯಲಲ್ಲಿ ಒಂದು ‘ಹೋಗಿ ಬಾ’

ಮನೆಯ ಮುಂದಿನ ಕೆಮ್ಮಣ್ಣಿನ ದಾರಿಯಲ್ಲಿ ಎದುರಿಗೆ ಬಂದ ಹುಡುಗಿಯೊಬ್ಬಳು ನನ್ನನ್ನು ನೋಡಿದವಳೇ ಗಕ್ಕನೆ ಮಂಡಿಯೂರಿಬಿಟ್ಟಳು. ಉಗಾಂಡ ದೇಶದ ಜಿಂಜಾ ಎಂಬ ಊರಿಗೆ ನಾವು ಬಂದಿಳಿದ ಹೊಸತು. ನನ್ನ ಮಗಳ ವಯಸ್ಸಿನ ಪೋರಿ. ಎಡಗೈಗೆ ಅಂಗೈಗಿಂತ ಎರಡು ಪಟ್ಟು ದೊಡ್ಡದಾದ ಚರ್ಮದ ಗವಸು. ಎಡವಿ ಬಿದ್ದಳೆಂದು ನಾನು ಕೈಯಲ್ಲಿದ್ದ ಉಳ್ಳಾಗಡ್ಡಿ ಚೀಲ ಅಲ್ಲೇ ಇಟ್ಟು ಎಬ್ಬಿಸಲು ಓಡಿದೆ. ಅವಳು ಬಿದ್ದಿರಲಿಲ್ಲ. ತಲೆ ತಗ್ಗಿಸಿ ‘ಜೆಬಾಲೆಕೊ, ಮಾಮಾ’ ಎಂದಳು. ಅಯ್ಯೋ ಶಿವನೇ, ನಾನೇನು ದೇವರೇ! ಏನು ಮಾಡಬೇಕೆಂದು ತಿಳಿಯದೆ ನಾನೂ ಅವಳಿಗೆ ಕೈ ಮುಗಿದೆ. ಅವಳಿಗೆ ನಗು ತಡೆಯಲಾಗಲಿಲ್ಲ.

ಹಿರಿಯರು ಎದುರಾದರೆ ಹೆಣ್ಣುಮಕ್ಕಳು ಮಂಡಿಯೂರುವುದು ಇಲ್ಲಿಯ ಪದ್ಧತಿ. ನಮ್ಮಲ್ಲಿ ಕಾಲಿಗೆ ಬೀಳುವುದಿಲ್ಲವೇ, ಹಾಗೆ. ಆದರೆ ನಾವು ಹಬ್ಬಕ್ಕೆ, ಮದುವೆಗೆ ಬೀಳುತ್ತೇವೆ. ಇವರು ನಡುದಾರಿಯಲ್ಲಿ, ಧೂಳಿನಲ್ಲಿ, ಪೇಟೆಯಿಂದ ಬರುವವಳ ಎದುರಿಗೆ. ಮಾಮಾ ಎಂದರೆ ಇವರಲ್ಲಿ ತಾಯಿ. ಇನ್ನು ಆ ಜೆಬಾಲೆಕೊ. ಲುಗಾಂಡ ಎಂಬ ಇಲ್ಲಿಯ ಭಾಷೆಯಲ್ಲಿ ಅದರ ಅರ್ಥ, ದುಡಿದಿರಿ, ಬಲು ಒಳ್ಳೆಯದು ಮಾಡಿದಿರಿ ಎಂದು. ನಮ್ಮ ಕಡೆ ದಾರಿಯಲ್ಲಿ ಸಿಕ್ಕವರು ‘ಊಟ ಆತೇನ್ರಿ?’ ಎನ್ನುತ್ತಾರೆ. ಇವರು ದುಡಿಮೆಗೆ ಶಹಬ್ಬಾಸ್ ಹೇಳುತ್ತಾರೆ. ಉಳ್ಳಾಗಡ್ಡಿ ಕೊಂಡದ್ದೊಂದು ದುಡಿಮೆಯೇ ಎಂದು ನನಗೆ ನಾಚಿಕೆಯಾಯಿತು.

ನನ್ನ ತವರು ಹಾನಗಲ್ಲ ತಾಲೂಕಿನ ತಿಳವಳ್ಳಿ. ಕೊಟ್ಟ ಮನೆ ಹಿರೇಕೆರೂರು. ನಮ್ಮ ಯಜಮಾನರು ಅಲ್ಲಿ ಗೋವಿನಜೋಳದ ಬೀಜ ಒಣಗಿಸುವ ಯಂತ್ರ ನೋಡಿಕೊಳ್ಳುತ್ತಿದ್ದವರು. ಅದೇ ಕೆಲಸಕ್ಕೆ ಇಲ್ಲಿಯ ಬೀಜದ ಕಾರ್ಖಾನೆಯವರು ಕರೆದರು. ಮಗಳು ಭೂಮಿಯನ್ನು ಕರೆದುಕೊಂಡು ಹೊರಟೆವು. ನಾನು ಹೊರಟದ್ದು ಒಲ್ಲದ ಮನಸ್ಸಿನಿಂದ. ಅದನ್ನು ಯಾರಿಂದಲೂ ಮುಚ್ಚಿಟ್ಟವಳಲ್ಲ.

ಬಾಡಿಗೆಗೆ ಸಿಕ್ಕ ಮನೆಗೆ ತಗಡಿನ ಮಾಳಿಗೆ, ಎತ್ತರದ ಕಾಂಪೌಂಡು. ನಳದಲ್ಲಿ ನೀರು ಬಾರದ ದಿನ ಹಳದಿ ಜೆರಿಕ್ಯಾನಿನಲ್ಲಿ ತರಿಸಬೇಕು. ಅದೇನೂ ದೊಡ್ಡದಲ್ಲ, ನೀರಿಗಾಗಿ ಕಾಯುವುದನ್ನು ನಮಗೆ ಯಾರೂ ಕಲಿಸಬೇಕಾಗಿಲ್ಲ. ಊಟದ್ದೇ ಕಷ್ಟವಾಯಿತು. ನಮ್ಮಲ್ಲಿ ಗೋವಿನಜೋಳ ಲಾರಿಗಟ್ಟಲೆ ಕೋಳಿಫಾರಂಗಳಿಗೆ ಹೋಗುವ ಮಾಲು. ಇಲ್ಲಿ ಅದರ ಬಿಳಿ ಹಿಟ್ಟನ್ನು ಮುದ್ದೆಯಂತೆ ತಿರುವಿ ‘ಪೋಶೊ’ ಎಂದು ದಿನವೂ ಉಣ್ಣುತ್ತಾರೆ. ಜೋಳ ಹುಡುಕಿ ಪೇಟೆಯೆಲ್ಲ ಅಲೆದೆ. ಸಿಕ್ಕಿತು. ಅಂಗಡಿಯಾಕೆ ಕಣ್ಣು ಮಿಟುಕಿಸಿ, ಹೆಂಡ ಯಾವಾಗ ಆಗುತ್ತದೆ, ನನ್ನನ್ನೂ ಕರೆ ಎಂದಳು. ಇಲ್ಲಿ ಜೋಳ ಇರುವುದೇ ಹೆಂಡಕ್ಕೆ! ರೊಟ್ಟಿ ಬಡಿದು ಒಂದನ್ನು ಅವಳಿಗೂ ಒಯ್ದು ಕೊಟ್ಟೆ. ತಿಂದು, ಹೆಂಡವೇ ಚೆನ್ನಾಗಿರುತ್ತಿತ್ತು ಎಂದಳು. ಆದರೂ ಆ ದಿನದಿಂದ ನನಗೆಂದು ಒಳ್ಳೆಯ ಜೋಳ ತೆಗೆದಿಡುತ್ತಾಳೆ.

ಮಧ್ಯಾಹ್ನಗಳು ಮಾತ್ರ ತಿನ್ನುತ್ತಿದ್ದವು. ಗಂಡ ಕಾರ್ಖಾನೆಗೆ, ಮಗಳು ಶಾಲೆಗೆ. ಕನ್ನಡದಲ್ಲಿ ಒಂದು ಬೈಗುಳ ಕೇಳಿದರೂ ಸಾಕು ಎನಿಸುತ್ತಿತ್ತು. ಫೋನಿನಲ್ಲಿ ತಿಳವಳ್ಳಿಯ ಮನೆಯ ಗದ್ದಲ ಕೇಳುತ್ತಿದ್ದೆ. ಅಣ್ಣನ ಮಕ್ಕಳ ಜಗಳ, ಕುಕ್ಕರಿನ ಸೀಟಿ, ಅವ್ವನ ಗದರಿಕೆ. ಮಾತು ಮುಗಿದ ಮೇಲೂ ಫೋನು ಇಡುತ್ತಿರಲಿಲ್ಲ.

ಭೂಮಿಗೆ ಇದಾವುದೂ ಇರಲಿಲ್ಲ. ಮಂಡಿಯೂರಿದ ಆ ಹುಡುಗಿ, ನಕಾಟೊ, ಇವಳ ಶಾಲೆಯವಳೇ. ಅವಳ ಕೈಯ ಗವಸು ಬೇಸ್‌ಬಾಲಿನದು. ವಾರ ತುಂಬುವುದರೊಳಗೆ ಇವಳೂ ಬಯಲಿಗೆ ಹೋಗತೊಡಗಿದಳು.

ಕ್ರಿಕೆಟ್ ಬಲ್ಲವರಿಗೆ ಬೇಸ್‌ಬಾಲ್ ಅರ್ಥವಾಗುವುದು ಕಷ್ಟವಲ್ಲ, ರೂಢಿಯಾಗುವುದು ಕಷ್ಟ. ಮೊದಲ ದಿನ ಭೂಮಿ ಚೆಂಡು ಹೊಡೆದು ಬ್ಯಾಟನ್ನು ಎದೆಗವಚಿಕೊಂಡೇ ಓಡಿದಳಂತೆ. ಇಲ್ಲಿ ಬ್ಯಾಟು ಬಿಸುಟು ಓಡಬೇಕು. ಬಯಲಲ್ಲಿ ನಾಲ್ಕು ನೆಲೆಗಳು. ಹೊಡೆದವರು ಒಂದೊಂದೇ ನೆಲೆ ಮುಟ್ಟುತ್ತ ಸುತ್ತು ಹಾಕಿ, ಹೊರಟ ಜಾಗಕ್ಕೆ ಮರಳಿದರೆ ಒಂದು ಓಟ. ಆ ಕೊನೆಯ ನೆಲೆಯನ್ನು ಅವರು ಮನೆ ಎಂದೇ ಕರೆಯುತ್ತಾರೆ. ಓಡುವವರನ್ನು ಚೆಂಡಿನಿಂದ ಮುಟ್ಟಿದರೆ ಔಟು. ಓಡುವುದು, ಹುಸಿ ತೋರಿಸಿ ತಿರುಗುವುದು, ಮುಟ್ಟಿಸಿಕೊಳ್ಳದೆ ನುಣುಚಿಕೊಳ್ಳುವುದು. ಇದು ನಮ್ಮ ಖೋಖೋ ಅಲ್ಲವೇ! ಅಂಗಳದಲ್ಲಿ ಸೀರೆ ಎತ್ತಿ ಕಟ್ಟಿ ನಾನೇ ಅವಳಿಗೆ ತಿರುಗುವುದನ್ನು ಹೇಳಿಕೊಟ್ಟೆ. ನಾನೂ ಒಂದು ಕಾಲಕ್ಕೆ ಆಡಿದವಳೇ.

ಹುಡುಗ ಹುಡುಗಿಯರು ಕೂಡಿಯೇ ಇದ್ದ ತಂಡ. ಅವರಿಗೆ ಆಟ ಕಲಿಸುವ ಒಕೆಲ್ಲೊ ಮಾಸ್ತರು ಒಂದು ಸಂಜೆ ಬಂದು, ಭೂಮಿ ಪ್ರಾಂತ್ಯದ ಅರ್ಹತಾ ಪಂದ್ಯಗಳಿಗೆ ಆಯ್ಕೆಯಾಗಿದ್ದಾಳೆ ಎಂದರು. ನಮ್ಮಲ್ಲಿ ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕಿನ ಮಕ್ಕಳು ಹಾವೇರಿಯಲ್ಲಿ ಸೆಣಸಿ, ಗೆದ್ದವರು ಮುಂದಕ್ಕೆ ಹೋಗುತ್ತಾರಲ್ಲ, ಇದೂ ಹಾಗೆಯೇ. ತಾಲೂಕುಗಳ ಜಾಗದಲ್ಲಿ ಇಲ್ಲಿ ದೇಶಗಳು. ಗೆದ್ದ ತಂಡ ಅಮೆರಿಕಕ್ಕೆ, ಜಗತ್ತಿನ ಮಕ್ಕಳೆಲ್ಲ ಸೇರುವ ಪಂದ್ಯಾವಳಿಗೆ.

ಅದೇ ಹೊತ್ತಿಗೆ ಯಜಮಾನರ ಕೆಲಸದ ಕರಾರು ಮುಗಿಯುತ್ತ ಬಂದಿತ್ತು. ಕಾರ್ಖಾನೆಯವರು ಇನ್ನೂ ಎರಡು ವರ್ಷ ಇರಿ ಎನ್ನುತ್ತಿದ್ದರು. ನಾನು ಒಂದೇ ಹಟ, ಊರಿಗೆ ಹೋಗೋಣ. ಭೂಮಿ ಉಣ್ಣುವುದನ್ನೇ ಬಿಟ್ಟಳು. ನಡುವೆ ಸಿಕ್ಕಿದ ಯಜಮಾನರು ಕೊನೆಗೆ ಒಂದು ಷರತ್ತು ಇಟ್ಟರು.

“ನೋಡ್ರಿ ತಾಯಿ ಮಗಳು ಇಬ್ಬರೂ. ತಂಡ ಗೆದ್ದು ಅಮೆರಿಕಾಕ್ಕ ಹೊಂಟ್ರ ನಾವು ಇಲ್ಲೇ ಇರೂಣು. ಸೋತ್ರ ಗಂಟು ಕಟ್ಟಿ ಹಿರೇಕೆರೂರಿಗೆ ಹೋಗೂಣು. ಆಮ್ಯಾಲೆ ಯಾರೂ ಅಳಬಾರ್ದು, ಯಾರೂ ಬೈಬಾರ್ದು.”

ಇಬ್ಬರೂ ಒಪ್ಪಿದೆವು. ದೇವರ ಮುಂದೆ ದೀಪ ಹಚ್ಚುವಾಗ ಏನು ಬೇಡಿಕೊಳ್ಳಬೇಕೆಂದು ನನಗೆ ಅಂದಿನಿಂದ ತಿಳಿಯದಾಯಿತು.

ಪಂದ್ಯಗಳು ಜಿಂಜಾದಲ್ಲೇ ನಡೆಯುವುದಿತ್ತು. ಒಕೆಲ್ಲೊ ಅವರಿಗೆ ಭಯವಿದ್ದದ್ದು ಕೆನ್ಯಾ ತಂಡದ್ದು. ಆ ತಂಡದ ತರಬೇತುದಾರ ಮೊದಲು ಉಗಾಂಡದಲ್ಲೇ ಇದ್ದವನು, ಲುಗಾಂಡ ಬಲ್ಲವನು. ಇವರು ಬಯಲಲ್ಲಿ ಏನು ಕೂಗಿದರೂ ಅವನಿಗೆ ತಿಳಿಯುತ್ತದೆ. ಒಂದು ದಿನ ಒಕೆಲ್ಲೊ ಇಡೀ ತಂಡವನ್ನೇ ನಮ್ಮ ಅಂಗಳಕ್ಕೆ ತಂದು ಕೂಡಿಸಿದರು. ನೀವು ತಾಯಿ ಮಗಳು ಆಡುವ ಮಾತು ಈ ಖಂಡದಲ್ಲಿ ಯಾರಿಗೂ ತಿಳಿಯದು, ನಮಗೆ ಮೂರು ಶಬ್ದ ಸಾಲ ಕೊಡಿ ಎಂದರು. ನಿಲ್ಲುವುದಕ್ಕೆ ಒಂದು, ನೆಲೆ ಮುಟ್ಟಲು ನೆಲದ ಮೇಲೆ ಜಾರುವುದಕ್ಕೆ ಒಂದು, ಹೊರಡುವುದಕ್ಕೆ ಒಂದು.

ನನಗೆ ಎಷ್ಟು ಖುಷಿಯಾಯಿತೆಂದರೆ, ಚಹಾಕ್ಕೆ ಸಕ್ಕರೆ ಹಾಕುವುದನ್ನೇ ಮರೆತೆ. ನಿಂದ್ರು, ಜಾರು, ಎರಡೂ ಅವರ ಬಾಯಲ್ಲಿ ಕುಳಿತವು. ಮೂರನೆಯದಕ್ಕೆ ಭೂಮಿ ‘ಓಡು’ ಎಂದಳು. ಆದರೆ ತಂಡದಲ್ಲಿ ಓಡೊಂಗ್ ಎಂಬ ಹುಡುಗನಿದ್ದ. ಓಡು ಎಂದಾಗಲೆಲ್ಲ ತನ್ನನ್ನೇ ಕರೆದರೆಂದು ತಿರುಗಿ ನೋಡುತ್ತಿದ್ದ. ಎಲ್ಲರೂ ಬಿದ್ದು ಬಿದ್ದು ನಕ್ಕರು.

“ಹಂಗಾರ ‘ಹೋಗು’ ಅಂತ ಇಡೂಣು ಅವ್ವ” ಎಂದಳು ಭೂಮಿ.

“ಥೂ, ಬಿಡ್ತು ಅನ್ನು. ಮಕ್ಕಳಿಗೆ ಹೋಗು ಅಂತಾರೇನ ಯಾರರ?”

ಓದುವ ನಿಮಗೆ ಬಿಡಿಸಿ ಹೇಳಬೇಕಿಲ್ಲ. ಹೊಸ್ತಿಲು ದಾಟುವ ಮಗುವಿಗೆ ನಾವು ಬರೀ ಹೋಗು ಎನ್ನುವವರಲ್ಲ. ಹೊರಡುವವರೂ ‘ಬರ್ತೇನಿ’ ಎಂದೇ ಹೊರಡುತ್ತಾರೆ. ಸುಮ್ಮನೆ ಹೋಗು ಎಂದರೆ ಅದು ಸಿಟ್ಟಿನ ಮಾತು, ಸಂಬಂಧ ಹರಿಯುವ ಮಾತು. ಅಷ್ಟು ಮಕ್ಕಳ ಮುಖ ನೋಡುತ್ತ ಆ ಮಾತು ನನ್ನ ಬಾಯಿಂದ ಬರಲಿಲ್ಲ. ‘ಹೋಗಿ ಬಾ’ ಎಂದು ಕೊಟ್ಟೆ. ಮಕ್ಕಳಿಗೆ ಅದರ ಲಯವೇ ಹಿಡಿಸಿತು. ಹೋಗಿಬಾ, ಹೋಗಿಬಾ ಎಂದು ಕಾಂಪೌಂಡಿನ ತುಂಬ ಓಡಾಡಿದರು. ಹೊರಡುವಾಗ ನಕಾಟೊ ಹಿಂದೆ ಉಳಿದು ಅದರ ಅರ್ಥವೇನೆಂದು ಇಂಗ್ಲಿಷಿನಲ್ಲಿ ಕೇಳಿದಳು. ಹೋಗು, ಮತ್ತೆ ತಿರುಗಿ ಬಾ ಎಂದರ್ಥ, ತಾಯಂದಿರು ಮಕ್ಕಳಿಗೆ ಹೇಳುವ ಮಾತು ಎಂದೆ. ಅವಳು ಅದನ್ನು ತುಟಿಯಲ್ಲೇ ಹೇಳಿಕೊಳ್ಳುತ್ತ ಹೋದಳು.

ಕೊನೆಯ ಪಂದ್ಯ ಕೆನ್ಯಾದ ಮೇಲೆಯೇ ಬಂತು. ಬಯಲಿನ ಸುತ್ತ ಜನ, ಡೋಲು, ಸೀಟಿ. ಊರಿಗೆ ಹೋಗಬೇಕೆಂದವಳು ನಾನೇ; ಆದರೆ ಆಟ ಶುರುವಾದ ಮೇಲೆ ಊರೂ ಇಲ್ಲ, ತಿಳವಳ್ಳಿಯೂ ಇಲ್ಲ. ಎದ್ದು ನಿಂತು ಗಂಟಲು ಹರಿಯುವಂತೆ ಕೂಗಿದೆ. ಯಜಮಾನರು ನನ್ನ ಸೆರಗು ಹಿಡಿದು ಎಳೆದು ಕೂಡಿಸುತ್ತಿದ್ದರು. ನಮ್ಮ ಮಕ್ಕಳ ಬಾಯಲ್ಲಿ ನಮ್ಮ ಮಾತು ಕೇಳಿದಾಗಲೆಲ್ಲ ಎದುರು ತಂಡದವರು ಮಿಕಿಮಿಕಿ ನೋಡುತ್ತಿದ್ದರು. ಜಿಂಜಾದ ಬಿಸಿಲಲ್ಲಿ ಕರಿಯ ಮಕ್ಕಳು ‘ನಿಂದ್ರು, ನಿಂದ್ರು’ ಎಂದು ಅರಚುವುದನ್ನು ಕೇಳಿ ನನಗೆ ಅಳು ಬಂತು.

ಕೊನೆಯ ಸರದಿ. ನಮ್ಮವರು ಒಂದೇ ಓಟ ಹಿಂದೆ. ನಕಾಟೊ ಮೂರನೆಯ ನೆಲೆಯಲ್ಲಿ ನಿಂತಿದ್ದಳು. ಇನ್ನೊಂದು ಓಟ ಓಡಿ ಮನೆ ಮುಟ್ಟಿದರೆ ಸಮ. ಅವಳ ಪಕ್ಕದಲ್ಲಿ ಗೆರೆಯಾಚೆ ನಿಂತು, ಯಾವಾಗ ಹೊರಡಬೇಕೆಂದು ಕೂಗಿ ಹೇಳುವ ಕೆಲಸ ಭೂಮಿಯದು. ಓಡೊಂಗ್ ಬೀಸಿ ಹೊಡೆದ. ಚೆಂಡು ಮೇಲೆ ಹೋಯಿತು. ಇಂಥ ಹೊತ್ತಿನಲ್ಲಿ ಕಷ್ಟವಿರುವುದು ಇಲ್ಲೇ: ಚೆಂಡನ್ನು ಹಿಡಿದುಬಿಟ್ಟರೆ ಓಡಿದವರು ತಮ್ಮ ನೆಲೆಗೆ ತಿರುಗಿ ಬರಬೇಕು; ಕೆಳಗೆ ಬಿದ್ದರೆ ಓಡಬಹುದು. ಹಿಡಿಯುವ ಹುಡುಗನ ಅಂದಾಜು ತಪ್ಪಿದ್ದು ಭೂಮಿಯ ಕಣ್ಣಿಗೆ ಬಿತ್ತು.

“ಹೋಗಿ ಬಾ! ಹೋಗಿ ಬಾ!”

ನಕಾಟೊ ಚಿಮ್ಮಿದಳು. ಅರ್ಧ ದಾರಿ ಹೋದಳು. ನಿಂತಳು. ಹಿಂದಿರುಗಿ ಬಂದಳು.

ಚೆಂಡು ಹುಲ್ಲಿಗೆ ಬಿತ್ತು. ಭೂಮಿ ಎರಡೂ ಕೈ ಬೀಸಿ ಕಿರುಚಿದಳು. ನಕಾಟೊ ಮತ್ತೆ ತಿರುಗಿ ಓಡಿದಳು, ಜಾರಿದಳು, ಧೂಳೆದ್ದಿತು. ಅಷ್ಟರಲ್ಲಿ ಚೆಂಡು ಅವಳಿಗಿಂತ ಮೊದಲೇ ಮನೆ ಸೇರಿತ್ತು. ಔಟು. ಮುಂದಿನ ಹುಡುಗ ಚೆಂಡನ್ನು ಮುಟ್ಟಲೇ ಇಲ್ಲ. ಒಂದು ಓಟದಿಂದ ಸೋತೆವು.

ಬಯಲಿಗೆ ಓಡಿದೆ. ಭೂಮಿ ನಕಾಟೊಳ ಭುಜ ಹಿಡಿದು ಅಲುಗಿಸುತ್ತಿದ್ದಳು, ಯಾಕೆ ನಿಂತೆ, ಯಾಕೆ ತಿರುಗಿದೆ ಎಂದು. ನಕಾಟೊ ಬಿಕ್ಕುತ್ತ ನನ್ನತ್ತ ಕೈ ತೋರಿಸಿದಳು. ಹೋಗಿ ತಿರುಗಿ ಬಾ ಎಂದು ಅರ್ಥ ಹೇಳಿದ್ದು ಮಾಮಾ, ಚೆಂಡು ಮೇಲಿತ್ತು, ಹಿಡಿಯುತ್ತಾನೆಂದೇ ಭೂಮಿ ಬಾ ಎಂದಳೆಂದುಕೊಂಡೆ, ಅದಕ್ಕೇ ಬಂದೆ ಎಂದಳು.

ಭೂಮಿ ನನ್ನನ್ನು ನೋಡಿದ ನೋಟ ಈಗಲೂ ಎದೆಗೆ ಚುಚ್ಚುತ್ತದೆ.

“ಅವ್ವ, ಒಂದ ಸಲ ಹೋಗು ಅನ್ನಾಕ ನಿನಗ ಏನಾಗಿತ್ತ?”

ಕೊಟ್ಟ ಮಾತಿನಂತೆ ಅವಳು ಅಳಲೂ ಇಲ್ಲ, ಬೈಯಲೂ ಇಲ್ಲ. ಮರುದಿನ ತನ್ನ ಬಟ್ಟೆ ತಾನೇ ಮಡಚಿ ಬ್ಯಾಗಿಗೆ ತುಂಬತೊಡಗಿದಳು. ಯಜಮಾನರು ವಿಮಾನದ ಟಿಕೀಟು ವಿಚಾರಿಸಲು ಹೋದರು. ತಿಳವಳ್ಳಿಗೆ ಸುದ್ದಿ ಮುಟ್ಟಿ ಅವ್ವ ಹಾಲು ಸಕ್ಕರೆ ಹಂಚಿದಳಂತೆ. ನಾನು ಹಟ ಹಿಡಿದದ್ದು ನನಗೆ ಸಿಕ್ಕಿತ್ತು.

ಸಂಜೆ ನಕಾಟೊಳ ತಾಯಿ ಬಂದಳು. ತಲೆಯ ಮೇಲೆ ಹಸಿ ಬಾಳೆಯ ಗೊನೆ, ಹಿಂದೆ ಮಗಳು. ಜಗಳಕ್ಕೇ ಬಂದಳೆಂದುಕೊಂಡೆ. ನಮ್ಮ ಕಡೆಯಾಗಿದ್ದರೆ ಬೀದಿಯೆಲ್ಲ ಕೇಳುವಂತೆ ಬೈದಿರುತ್ತಿದ್ದರು, ತಪ್ಪೂ ಅಲ್ಲ. ಆಕೆ ಗೊನೆ ಇಳಿಸಿ ನನ್ನೆದುರು ಕುಳಿತು, ಮಕ್ಕಳಿಗೆ ಮಾತು ಕಲಿಸಿದೆ, ರೊಟ್ಟಿ ಮಾಡಿ ತಿನ್ನಿಸಿದೆ, ಜೆಬಾಲೆಕೊ ಎಂದಳು. ನಾನು ಅವಳ ಹೆಗಲ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ. ಅವಳು ಬೆನ್ನು ಸವರುತ್ತ ಕುಳಿತಳು.

ಅವರು ಹೋದ ಮೇಲೆ ಭೂಮಿ ಮೆಲ್ಲಗೆ ಕೇಳಿದಳು: “ಹಿರೇಕೆರೂರಾಗ ನನ್ನ ಕೂಡ ಈ ಆಟ ಯಾರು ಆಡ್ತಾರವ್ವ?”

ಯಾರೂ ಆಡುವುದಿಲ್ಲ. ಅದು ಅವಳಿಗೂ ಗೊತ್ತು. ನಾನು ಅವಳಷ್ಟಿದ್ದಾಗ ಹಾನಗಲ್ಲ ತಾಲೂಕಿನ ಖೋಖೋ ತಂಡದಲ್ಲಿದ್ದೆ. ಹಾವೇರಿಯಲ್ಲಿ ಗೆದ್ದೆವು ಕೂಡ. ಮುಂದಿನ ಪಂದ್ಯಕ್ಕೆ ಹೊರಡುವ ಹೊತ್ತಿಗೆ ಅಪ್ಪ, ಹುಡಿಗಿ ದೊಡ್ಡಾಕಿ ಆದ್ಲು, ಇನ್ನ ಓಡಿದ್ದು ಸಾಕು ಎಂದ. ನನ್ನ ಜಾಗದಲ್ಲಿ ಬೇರೆ ಹುಡುಗಿ ಹೋದಳು. ನಾನು ಬಾಗಿಲಲ್ಲಿ ನಿಂತು ಬಸ್ಸು ನೋಡಿದೆ. ಆ ಸಿಟ್ಟು ಸತ್ತಿದೆ ಎಂದುಕೊಂಡಿದ್ದೆ, ಸತ್ತಿರಲಿಲ್ಲ.

ಯಜಮಾನರು ಮನೆಗೆ ಬಂದು ಚಪ್ಪಲಿ ಬಿಡುವಾಗಲೇ ಹೇಳಿದೆ. “ರೀ, ಕರಾರಿಗೆ ಹೂಂ ಅನ್ರಿ. ನಾವು ಹೋಗೂದು ಬ್ಯಾಡ.”

“ಮಾತ ಆಗಿತ್ತಲ್ಲ?”

“ಮಾತ ನಾನಽ ಮುರ್ದೇನಿ. ಬೈರಿ ಬೇಕಾದ್ರ.”

ಅವರು ಬೈಯಲಿಲ್ಲ. ಒಳಗಿನ ಕೋಣೆಯಲ್ಲಿ ಬ್ಯಾಗಿನ ಜಿಪ್ಪು ಎಳೆಯುವ ಸದ್ದು ನಿಂತಿತು.

ಅವ್ವನಿಗೆ ನಾನೇ ಫೋನು ಮಾಡಿದೆ. ಬರುವುದಿಲ್ಲ ಎಂದೆ. ಹಿಂದೆ ಮನೆಯ ಗದ್ದಲ ಎಂದಿನಂತೆ ಕೇಳುತ್ತಿತ್ತು.

“ಅಲ್ಲಿ ನಿನಗ ಯಾರ ಅದಾರವ್ವ?” ಎಂದಳು.

ನನ್ನ ಬಾಯಿ ನನ್ನನ್ನು ಕೇಳದೆಯೇ ಹೆಸರು ಹೇಳತೊಡಗಿತು. ನಕಾಟೊ, ಅವಳ ತಾಯಿ, ಓಡೊಂಗ್, ಜೋಳ ಎತ್ತಿಡುವ ಅಂಗಡಿಯಾಕೆ. ಇನ್ನೂ ಹೇಳುವವಳಿದ್ದೆ. ಅವ್ವ ತಡೆದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

“ಆತು ಬಿಡವ್ವ. ಹಂಗಾರ ಇನ್ನ ಮ್ಯಾಲೆ ಊರಿಗೆ ನೀ ಬೀಗರಂಗ ಬಂದು ಹೋಗಾಕಿ.”

ಅವಳೇ ಫೋನು ಇಟ್ಟಳು.