ಹುಷಾರಿಲ್ಲದವರ ಬ್ರೆಡ್

ಗಂಡ ದುಬೈಯಿಂದ ಹೊತ್ತು ತಂದ ಬ್ರೆಡ್ ಮೆಷಿನ್‌ಗೆ ಇವತ್ತು ಮೊದಲ ಬಾರಿ ನೀರು, ಮೈದಾ, ಮೇಲೆ ಯೀಸ್ಟ್ ಹಾಕಿ ಗುಂಡಿ ಒತ್ತಿದೆ. ಬೇಯುವ ವಾಸನೆ ಬರತೊಡಗಿದ್ದೇ ಕೈಯಲ್ಲಿದ್ದ ಕೆಲಸ ಬಿಟ್ಟು ಅದರ ಪಕ್ಕ ಹೋಗಿ ನಿಂತೆ.

ನಾನು ಚಿಕ್ಕವಳಿದ್ದಾಗ ಶಿರ್ತಾಡಿಯ ನಮ್ಮ ಮನೆಗೆ ಬ್ರೆಡ್ ಬರುತ್ತಿದ್ದದ್ದು ಯಾರಾದರೂ ಹಾಸಿಗೆ ಹಿಡಿದಾಗ ಮಾತ್ರ. ಸುಮ್ಮನೆ ಕೇಳಿದರೆ ಅಪ್ಪ, "ನಿನಗೆಂಥ ಜ್ವರವಾ?" ಎಂದು ಗದರಿಸುತ್ತಿದ್ದರು. ಅಮ್ಮ ಕಾಯಿಲೆ ಬಿದ್ದು ಮಲಗಿದ ಮೇಲೆ, ನೋಡಲು ಬಂದವರೆಲ್ಲ ಒಂದೊಂದು ಪ್ಯಾಕೆಟ್ ತಂದರು. ಮೇಣದ ಕಾಗದ ಬಿಚ್ಚುವಾಗಿನ ಆ ಹುಳಿ ವಾಸನೆಗೆ ನಾನು ಕಾಯುತ್ತಿದ್ದೆ. ಅಮ್ಮ ಒಂದು ತುಂಡನ್ನು ಹಾಲಿನಲ್ಲಿ ಅದ್ದಿ ತುಟಿಗೆ ತಾಗಿಸಿ, ಉಳಿದದ್ದನ್ನು ನನ್ನ ಬಾಯಿಗೆ ಇಡುತ್ತಿದ್ದಳು.

ಅಮ್ಮನ ಅಣ್ಣ, ಪುತ್ತಿಗೆಯ ಮಾವ, ಒಂದು ಸಂಜೆ ಬರಿಗೈಯಲ್ಲಿ ಬಂದರು. ನಾನು ಅವರ ಚೀಲ ತಡಕಿದೆ.

"ಬ್ರೆಡ್ ತರ್ಲಿಲ್ವಾ ಮಾವ?"

ಅವರು ಅಪ್ಪನ ಮುಖ ನೋಡಿದರು. "ಇನ್ನು ಅದು ಬೇಡ ಮಗಾ."

ಅಪ್ಪ ಎದ್ದು ಬಚ್ಚಲಿಗೆ ಹೋಗಿ, ತುಂಬಿದ್ದ ಹಂಡೆಗೇ ಮತ್ತೆ ನೀರು ಸುರಿಯತೊಡಗಿದರು. ಆಮೇಲೆ ಬಂದವರು ಯಾರೂ ಬ್ರೆಡ್ ತರಲಿಲ್ಲ. ಆ ವಾರವೇ ಅಮ್ಮ ತೀರಿಕೊಂಡಳು.

ಮೆಷಿನ್ ಕೂಗಿತು. ನನ್ನ ಮೊದಲ ಬ್ರೆಡ್ಡಿನ ನೆತ್ತಿ ಕುಸಿದಿತ್ತು. ಮಗಳು ಬಿಸಿ ತುಂಡು ಕಚ್ಚುತ್ತಿರುವಾಗ, ಈಗ ನಮ್ಮ ಜೊತೆಗೇ ಇರುವ ಅಪ್ಪ ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಬಂದರು.

"ಯಾರಿಗೆ ಹುಷಾರಿಲ್ಲದ್ದು?"

"ಯಾರಿಗೂ ಏನೂ ಆಗ್ಲಿಲ್ಲ ಅಪ್ಪ. ಸುಮ್ಮನೆ ಮಾಡಿದ್ದು."

ಅಪ್ಪ ನಂಬಲಿಲ್ಲ. ಮೊಮ್ಮಗಳ ಹಣೆಯ ಮೇಲೆ ಅಂಗೈ ಇಟ್ಟು, ತೆಗೆಯದೆ ಹಾಗೇ ನಿಂತರು.